ನೀಲಿ ಬ್ಯಾಗಿಗೆ ಎಷ್ಟು ಲೀಟರ್?

"ನಾಣೀ! ಒಳಗೆ ಏನ್ ಮಾಡ್ತಿದೀಯೋ? ಆಗ್ಲಿಂದ ಬರೀ ನೀರಿನ ಸದ್ದು!"

ನಾಣಿಗೆ ಕೈತುಂಬ ಕೆಲಸವಿತ್ತು. ಬಚ್ಚಲುಮನೆಯ ಮಧ್ಯೆ ಹೊಚ್ಚ ಹೊಸ ನೀಲಿ ಬ್ಯಾಗು ಬಾಯಿ ತೆರೆದುಕೊಂಡು ಕುಳಿತಿತ್ತು. ಅದರೊಳಗೆ ಅವನು ಮಗ್ಗು ಮಗ್ಗು ನೀರು ಸುರಿಯುತ್ತಿದ್ದ. ಸುರಿದ ನೀರೆಲ್ಲ ಕೆಳಗಿನಿಂದ, ಪಕ್ಕದಿಂದ, ಜಿಪ್ಪಿನ ಸಂದಿಯಿಂದ ಹೊರಗೆ ಬರುತ್ತಿತ್ತು. ಈ ಗಲಾಟೆಯಲ್ಲಿ ಎಣಿಸಿದ ಲೆಕ್ಕವೂ ತಪ್ಪಿಹೋಗಿತ್ತು.

ಅಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

"ಅಯ್ಯೋ ರಾಮ! ಹೊಸ ಬ್ಯಾಗು ಕಣೋ ಅದು! ಅದಕ್ಕ್ಯಾಕೋ ಸ್ನಾನ ಮಾಡಿಸ್ತಿದೀಯ?"

"ಸ್ನಾನ ಅಲ್ಲಮ್ಮ. ಇದರ ಲೇಬಲ್ ಮೇಲೆ ಐವತ್ತು ಲೀಟರ್ ಅಂತ ಬರ್ದಿದೆ. ನಿಜಾನೋ ಸುಳ್ಳೋ ಅಂತ ನೋಡ್ತಿದ್ದೆ."

ಅಮ್ಮನಿಗೆ ಬಂದ ಕೋಪ ಅರ್ಧ ದಾರಿಯಲ್ಲೇ ನಗುವಾಗಿಬಿಟ್ಟಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಬ್ಯಾಗಿಗೆ ಲೀಟರ್ ಅಂದ್ರೆ ನೀರಲ್ಲ ಕಣೋ ಪೆದ್ದ. ಒಳಗೆ ಎಷ್ಟು ಜಾಗ ಇದೆ ಅಂತ ಅರ್ಥ."

"ಜಾಗಾನ ಹೇಗಮ್ಮ ಅಳೆಯೋದು?"

"ಅದೆಲ್ಲ ಆಮೇಲೆ. ಮೊದ್ಲು ಇದನ್ನ ಟೆರೇಸ್ ಮೇಲೆ ಒಣಗಾಕು ನಡಿ. ಭಾನುವಾರ ನಾನು ಹೊರಡ್ಬೇಕು. ಇದು ಒದ್ದೆ ಇದ್ರೆ ಏನನ್ನ ತಗೊಂಡ್ಹೋಗ್ಲಿ?"

ಭಾನುವಾರ ಎಂದ ಕೂಡಲೇ ನಾಣಿಯ ಮುಖ ಸಪ್ಪಗಾಯಿತು. ನೀರು ತೊಟ್ಟಿಕ್ಕುವ ಬ್ಯಾಗನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ.

ನಾಣಿಯ ಅಮ್ಮ ಶಾಂತಕುಮಾರಿಗೆ ಇಂದಿರಾನಗರದ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಹೋದ ತಿಂಗಳು ಪ್ರಮೋಷನ್ ಬಂತು. ಮನೆಯಲ್ಲಿ ಕೇಸರಿಬಾತು ಆಯಿತು. ನಾಣಿ ಎರಡು ಸಲ ಹಾಕಿಸಿಕೊಂಡು ತಿಂದ. ತಿಂದು ಕೈ ತೊಳೆದ ಮೇಲೆ ಗೊತ್ತಾಯಿತು, ಪ್ರಮೋಷನ್ ಜೊತೆಗೆ ಟ್ರಾನ್ಸ್‌ಫರ್ ಕೂಡ ಬಂದಿದೆ ಎಂದು. ಅದೂ ಎಲ್ಲಿಗೆ? ಗುಲ್ಬರ್ಗಕ್ಕೆ. ಅಪ್ಪನ ಫ್ಯಾಕ್ಟರಿ ಕೆಲಸ ಇಲ್ಲಿ, ನಾಣಿಯ ಸ್ಕೂಲು ಇಲ್ಲಿ. ಹಾಗಾಗಿ ಅಮ್ಮ ಒಬ್ಬಳೇ ಹೋಗುವುದು ಎಂದು ದೊಡ್ಡವರು ತೀರ್ಮಾನ ಮಾಡಿದರು. ಕೇಸರಿಬಾತು ತಿಂದವನನ್ನು ಯಾರೂ ಕೇಳಲಿಲ್ಲ.

ಎಷ್ಟು ದಿನಕ್ಕೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಅಪ್ಪ, "ನೋಡೋಣ," ಎನ್ನುತ್ತಿದ್ದರು. ಅಮ್ಮ, "ಬೇಗ ಬಂದ್ಬಿಡ್ತೀನಿ ಕಣೋ," ಎನ್ನುತ್ತಿದ್ದಳು. ಆದರೆ ನಾಣಿಗೆ ದೊಡ್ಡವರ ಮಾತಿಗಿಂತ ಬ್ಯಾಗಿನ ಮೇಲೆ ನಂಬಿಕೆ ಜಾಸ್ತಿ.

ಅವನು ಕಂಡುಕೊಂಡ ನಿಯಮ ಇದು. ಅಪ್ಪ ಕೈಯಲ್ಲಿ ಸಣ್ಣ ಬ್ಯಾಗು ಹಿಡಿದು ಹೋದರೆ ಎರಡೇ ದಿನಕ್ಕೆ ವಾಪಸ್. ಅಟ್ಟದಿಂದ ದೊಡ್ಡ ಸೂಟ್‌ಕೇಸ್ ಇಳಿದ ವರ್ಷ ಟ್ರೇನಿಂಗ್ ಎಂದು ಡೆಲ್ಲಿಗೆ ಹೋದವರು ಮೂರು ತಿಂಗಳು ಪತ್ತೆಯಿಲ್ಲ. ಅಮ್ಮ ಕೋಲಾರದ ಅಜ್ಜಿಯ ಮನೆಗೆ ಹೋಗುವಾಗಲೆಲ್ಲ ಹಳೆಯ ಕಂದು ಕ್ಯಾನ್ವಾಸ್ ಚೀಲವನ್ನು ಒಯ್ಯುತ್ತಾಳೆ. ಸೋಮವಾರ ಬೆಳಿಗ್ಗೆ ಮನೆಯಲ್ಲಿರುತ್ತಾಳೆ. ಅಂದ ಮೇಲೆ ಚಿಕ್ಕ ಬ್ಯಾಗು ಎಂದರೆ ಬೇಗ ಬರುವುದು, ದೊಡ್ಡ ಬ್ಯಾಗು ಎಂದರೆ ತಡವಾಗಿ ಬರುವುದು. ಈ ನಿಯಮ ಒಮ್ಮೆಯೂ ತಪ್ಪಿರಲಿಲ್ಲ.

ಈಗ ಅಪ್ಪ ಶಿವಾಜಿನಗರಕ್ಕೆ ಹೋಗಿ ಈ ನೀಲಿ ಭೂತವನ್ನು ತಂದಿದ್ದರು. ಬೆನ್ನಿಗೆ ಹಾಕಿಕೊಳ್ಳುವ ಬ್ಯಾಗು.

"ಸೀರೆ ಉಟ್ಕೊಂಡು ಬೆನ್ನಿಗೆ ಬ್ಯಾಗಾ? ನಾನೇನು ಹಿಮಾಲಯ ಹತ್ತೋಕೆ ಹೋಗ್ತಿದೀನಾ?" ಎಂದು ಅಮ್ಮ ತಮಾಷೆ ಮಾಡಿದ್ದಳು.

"ಟ್ರೈನ್ ಹತ್ತೋಕೆ ಎರಡು ಕೈನೂ ಖಾಲಿ ಇರ್ಬೇಕು ಕಣೇ," ಎಂದಿದ್ದರು ಅಪ್ಪ.

ಕಂದು ಚೀಲವನ್ನೇ ತೆಗೆದುಕೊಂಡು ಹೋಗು ಎಂದು ನಾಣಿ ಮೂರು ದಿನದಿಂದ ಗೋಗರೆಯುತ್ತಿದ್ದ. "ಅದ್ರಲ್ಲಿ ಏನೂ ಹಿಡಿಯಲ್ಲ," ಎಂದು ಅಮ್ಮ ತಳ್ಳಿಹಾಕುತ್ತಿದ್ದಳು. ಹಾಗಾದರೆ ಕಂದು ಚೀಲದಲ್ಲೂ ಅಷ್ಟೇ ಹಿಡಿಯುತ್ತದೆ ಎಂದು ತೋರಿಸಿಬಿಟ್ಟರೆ? ಅದಕ್ಕೇ ಈ ಅಳತೆ.

ಮಧ್ಯಾಹ್ನದ ಹೊತ್ತಿಗೆ ಬ್ಯಾಗು ಒಣಗಿತು. ಅಮ್ಮ ಸಾಮಾನು ತರಲು ಕೆ.ಆರ್.ಪುರದ ಸಂತೆಗೆ ಹೋದಳು. ನಾಣಿ ಎರಡೂ ಬ್ಯಾಗುಗಳನ್ನು ನಡುಮನೆಯಲ್ಲಿಟ್ಟುಕೊಂಡು ತಲೆ ಕೆರೆದುಕೊಂಡ. ಆಗ ಅವನ ಕಣ್ಣು ಮೂಲೆಯಲ್ಲಿದ್ದ ಕಡ್ಲೆಪುರಿ ಮೂಟೆಯ ಮೇಲೆ ಬಿತ್ತು.

ಮಾರನೆಯ ದಿನ ಆಯುಧಪೂಜೆ. ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಹಂಚಲು ಅಪ್ಪ ತಂದಿಟ್ಟ ಮೂಟೆ ಅದು, ನಾಣಿಯಷ್ಟೇ ಎತ್ತರ. ಪುರಿಯನ್ನು ಅಂಗಡಿಯಲ್ಲಿ ತೂಕ ಹಾಕುವುದಿಲ್ಲ. ಲೀಟರ್ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಸೋರುವುದೂ ಇಲ್ಲ, ಒದ್ದೆಯೂ ಆಗುವುದಿಲ್ಲ!

ಅಡುಗೆಮನೆಯಿಂದ ಒಂದು ಲೀಟರಿನ ಜಗ್ಗು ಬಂತು. ಪುರಿ ಕೊಳೆಯಾಗದಿರಲಿ ಎಂದು ಬ್ಯಾಗಿನೊಳಗೆ ಅಪ್ಪನ ಒಗೆದ ಪಂಚೆ ಹಾಸಿದ. ಅಷ್ಟು ಬುದ್ಧಿ ಅವನಿಗಿತ್ತು. ಎರಡನೇ ಜಗ್ಗು ಸುರಿಯುವಾಗ ಬಾಗಿಲಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

"ಏನ್ ಮಾಡ್ಲಾಕತ್ತಿ? ಚುರುಮುರಿ ಅಂಗಡಿ ಇಟ್ಟೀಯೇನು?"

ನಾಗರತ್ನಾ. ನಾಣಿ ಇರುವ ಫ್ಯಾಕ್ಟರಿ ಕ್ವಾರ್ಟರ್ಸಿನ ಕಾಂಪೌಂಡಿನ ಆಚೆ, ಗರುಡಾಚಾರ್‌ಪಾಳ್ಯದ ಸಾಲು ರೂಮುಗಳಲ್ಲಿ ಅವಳ ಮನೆ. ಅವಳ ಅಪ್ಪ ಅವ್ವ ಮಹದೇವಪುರದಲ್ಲಿ ಏಳುತ್ತಿರುವ ದೊಡ್ಡ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ವಯಸ್ಸು ನಾಣಿಯದೇ, ಎತ್ತರ ಮಾತ್ರ ಒಂದು ಗೇಣು ಜಾಸ್ತಿ. ಲಗೋರಿಯಲ್ಲಿ ಅವಳು ಯಾವ ಕಡೆಗಿರುತ್ತಾಳೋ ಆ ಕಡೆಗೇ ಗೆಲುವು.

"ಅಂಗಡಿ ಅಲ್ಲ, ಎಕ್ಸ್‌ಪೆರಿಮೆಂಟು. ಬಾ, ನೀನು ಎಣಿಸು," ಎಂದ ನಾಣಿ.

ನಾಣಿ ಸುರಿದ, ನಾಗರತ್ನಾ ಎಣಿಸಿದಳು. ಜಗ್ಗಿನ ತುಂಬ ಗೋಪುರದ ಹಾಗೆ ತುಂಬಬೇಕೋ, ಅಂಚಿಗೆ ಸರಿಯಾಗಿ ಸವರಬೇಕೋ ಎಂದು ನಡುವೆ ಒಂದು ಜಗಳ ಆಯಿತು. ಕೊಸರು ಕೊಡದ ಅಂಗಡಿಗೆ ಯಾರೂ ಬರುವುದಿಲ್ಲ ಎಂದು ಅವಳ ವಾದ. ಕೊನೆಗೆ ಸವರುವುದೇ ಸರಿ ಎಂದಾಯಿತು. ಪುರಿಯಲ್ಲಿ ಒಂದಿಷ್ಟು ಇಬ್ಬರ ಹೊಟ್ಟೆಗೂ ಹೋಯಿತು. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ನೀಲಿ ಬ್ಯಾಗು ಮೂವತ್ತಾರು ಜಗ್ಗಿಗೆ ತುಂಬಿತು.

"ನೋಡು, ಐವತ್ತು ಅಂತ ಬರ್ದಿರೋದು ಬರೀ ಬುರುಡೆ!" ಎಂದು ನಾಣಿ ಕುಣಿದ.

ಪುರಿಯನ್ನೆಲ್ಲ ಮೂಟೆಗೆ ಸುರಿದು ಕಂದು ಚೀಲಕ್ಕೆ ಶುರು ಮಾಡಿದರು. ಮೂವತ್ತಕ್ಕೇ ಅದರ ಹೊಟ್ಟೆ ತುಂಬುತ್ತಾ ಬಂತು. ನಾಣಿ ಪುರಿಯ ಮೇಲೆ ಎರಡೂ ಕೈ ಊರಿ ಒತ್ತಿದ. ಒಳಗೆ ಪುರಿ ಚಟಚಟ ಎಂದಿತು. ಇನ್ನೆರಡು ಜಗ್ಗು ಹಿಡಿಯಿತು. ಮತ್ತೆ ಒತ್ತಿದ, ಈ ಸಲ ಮೊಣಕೈಯಿಂದ.

"ಮೂವತ್ತೇಳು! ಕಂದು ಬ್ಯಾಗೇ ದೊಡ್ಡದು!"

ನಾಗರತ್ನಾ ಅವನನ್ನೇ ನೋಡಿದಳು.

"ನೀ ಮೋಸ ಮಾಡ್ಲಾಕತ್ತಿ. ಇದನ್ನ ಒತ್ತಿ ಒತ್ತಿ ತುಂಬಿದಿ. ನೀಲಿದು ಒತ್ತಲೇ ಇಲ್ಲ. ಅದರ ಜೇಬು ಎಷ್ಟು ಅದಾವ ನೋಡು, ಒಂದೂ ತುಂಬಿಲ್ಲ."

"ನಾನೆಲ್ಲಿ ಮೋಸ ಮಾಡ್ದೆ? ಜೇಬು ಲೆಕ್ಕಕ್ಕೆ ಬರಲ್ಲ!" ಎಂದು ನಾಣಿ ಕಿರುಚಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅಮ್ಮ ಗುಲ್ಬರ್ಗಕ್ಕೆ ಹೋಗುವುದು, ಚಿಕ್ಕ ಬ್ಯಾಗಿನ ನಿಯಮ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ.

"ಗುಲ್ಬರ್ಗಕ್ಕಾ?" ನಾಗರತ್ನಾಳ ಕಣ್ಣು ಅರಳಿತು. "ಅದು ನಮ್ಮೂರು! ನಮ್ಮಜ್ಜಿ ಅಲ್ಲೇ ಇರ್ತಾಳ. ಮಾರ್ಕೆಟ್‌ನಾಗ ಕಾಯಿಪಲ್ಯೆ ಮಾರ್ತಾಳ."

ಆಮೇಲೆ ಅವಳು ಸ್ವಲ್ಪ ಹೊತ್ತು ನೆಲದ ಮೇಲೆ ಬಿದ್ದ ಪುರಿ ಆರಿಸುತ್ತಾ ಕುಳಿತಳು.

"ನಾವು ಬರೋವಾಗ ಒಂದೇ ಒಂದು ಸಿಮೆಂಟ್ ಚೀಲ ತಂದಿದ್ವಿ, ನಾಣಿ. ಅದೂ ಅರ್ಧ ಖಾಲಿ ಇತ್ತು. ಎರಡು ತಿಂಗಳು ದುಡಿದು ಬಂದ್ಬಿಡ್ತೀವಿ ಅಂತ ಅವ್ವ ಅಜ್ಜಿಗೆ ಹೇಳಿದ್ಲು. ಆಗ ನಾ ಇನ್ನೂ ಸಾಲಿಗೇ ಹೋಗ್ತಿರ್ಲಿಲ್ಲ. ಈಗ ಐದ್ನೇತ್ತ ಓದ್ಲಾಕತ್ತೀನಿ. ನಡುವೆ ಮಾವನ ಲಗ್ನಕ್ಕ ಒಮ್ಮೆ ಹೋಗಿದ್ವಿ, ಅಷ್ಟೇ."

"ಅಷ್ಟು ಚಿಕ್ಕ ಚೀಲಾನಾ?"

"ಹೂಂ. ಚೀಲ ನೋಡಿ ಏನೂ ಹೇಳಾಕ ಬರಂಗಿಲ್ಲ."

ನಾಣಿಗೆ ಅವಳ ಮೇಲೆ ಸಿಟ್ಟು ಬಂತು. ಪುರಿಯನ್ನೆಲ್ಲ ರಪ್ಪನೆ ಮೂಟೆಗೆ ಸುರಿದ. ಅವಳು ಎದ್ದು ಹೋದಳು.

ಆದರೂ ಸಂಜೆ ಅಮ್ಮ ಬಂದಾಗ ಅವನು ಹಟ ಬಿಡಲಿಲ್ಲ. "ಅಮ್ಮ, ಪುರಿ ಹಾಕಿ ಅಳೆದ್ವಿ. ಕಂದು ಬ್ಯಾಗಲ್ಲೇ ಜಾಸ್ತಿ ಹಿಡಿಯುತ್ತೆ," ಎಂದ. ಹೇಳುವಾಗ ಅಮ್ಮನ ಮುಖ ನೋಡಲಿಲ್ಲ. ಅಮ್ಮ ಅವನನ್ನು ಒಂದು ಕ್ಷಣ ನೋಡಿದಳು. "ಆಯ್ತಪ್ಪ, ಅದನ್ನೇ ತಗೊಂಡ್ಹೋಗ್ತೀನಿ," ಎಂದಳು.

ನಾಣಿ ಗೆದ್ದ. ಆದರೆ ಗೆದ್ದ ಖುಷಿ ಯಾಕೋ ಬರಲೇ ಇಲ್ಲ.

ಭಾನುವಾರ ಅಮ್ಮ ಕಂದು ಚೀಲ ತುಂಬಿಸಿದಳು. ಸೀರೆಗಳು ಹೋದವು, ಚಟ್ನಿಪುಡಿ ಡಬ್ಬ ಹೋಯಿತು. ಸ್ವೆಟರ್ ಹೊರಗೇ ಉಳಿಯಿತು. ಪುಟ್ಟ ಕುಕ್ಕರ್ ಕೂಡ ಉಳಿಯಿತು. "ಇರ್ಲಿ ಬಿಡು," ಎಂದುಕೊಂಡು ಚೀಲ ಮುಚ್ಚಿದಳು. ಅಪ್ಪ ಆಟೋ ಕರೆಯಲು ಹೋಗಿದ್ದರು.

ಅಷ್ಟರಲ್ಲಿ ನಾಗರತ್ನಾ ಬಂದಳು. ಎದೆಗೆ ಅವಚಿಕೊಂಡ ಒಂದು ದಪ್ಪ ಗಂಟು. ಹೊಸ ರಗ್ಗು.

"ಆಂಟಿ, ಇದು ನಮ್ಮಜ್ಜಿಗೆ. ಮಾರ್ಕೆಟ್‌ನಾಗ ಹುಸೇನಮ್ಮ ಅಂತ ಕೇಳಿದ್ರ ಯಾರಾದ್ರೂ ತೋರಿಸ್ತಾರ. ರಗ್ಗಿನ ಒಳಗ ನಂದೊಂದು ಹಳೇ ಸ್ಕರ್ಟು ಅದ."

"ಅಜ್ಜಿಗೆ ನಿನ್ನ ಸ್ಕರ್ಟ್ ಯಾಕಮ್ಮ?"

"ಅದು ನಂಗೀಗ ಗಿಡ್ಡ ಆಗ್ಯದ, ಆಂಟಿ. ಅದನ್ನ ನೋಡಿದ್ರ ಅಜ್ಜಿಗೆ ಗೊತ್ತಾಗ್ತದ, ನಾ ಎಷ್ಟು ದೊಡ್ಡಾಕಿ ಆಗೀನಿ ಅಂತ."

ಅಮ್ಮ ಕಂದು ಚೀಲವನ್ನು ನೋಡಿದಳು, ಗಂಟನ್ನು ನೋಡಿದಳು. "ಅಯ್ಯೋ ಪುಟ್ಟೀ, ಇದ್ರಲ್ಲಿ ಒಂದು ಕರ್ಚೀಫ್‌ಗೂ ಜಾಗ ಇಲ್ವಲ್ಲಮ್ಮ. ಮುಂದಿನ ಸಲ ಬಂದಾಗ ಖಂಡಿತ ತಗೊಂಡ್ಹೋಗ್ತೀನಿ, ಆಯ್ತಾ?"

ನಾಗರತ್ನಾ ನಾಣಿಯ ಕಡೆ ತಿರುಗಿದಳು. ಈಗ ಮೋಸದ ವಿಷಯ ಹೇಳಿಬಿಡುತ್ತಾಳೆ ಎಂದುಕೊಂಡ ಅವನು. ಅವಳು ಹೇಳಲಿಲ್ಲ. "ಆಯ್ತು ಆಂಟಿ," ಎಂದು ಗಂಟನ್ನು ಇನ್ನೂ ಬಿಗಿಯಾಗಿ ಅವಚಿಕೊಂಡು ಮೆಟ್ಟಿಲು ಇಳಿಯತೊಡಗಿದಳು.

ಗುಲ್ಬರ್ಗದ ಆ ಅಜ್ಜಿಯನ್ನು ನಾಣಿ ಕಂಡವನಲ್ಲ. ಆದರೂ ತರಕಾರಿ ಬುಟ್ಟಿಯ ಮುಂದೆ ಕುಳಿತು, ಬಸ್ಸು ಬಂದಾಗಲೆಲ್ಲ ತಲೆಯೆತ್ತಿ ನೋಡುವ ಒಬ್ಬ ಮುದುಕಿ ಅವನ ಕಣ್ಣ ಮುಂದೆ ಬಂದಳು. ಎರಡು ತಿಂಗಳು ಎಂದು ಹೇಳಿಸಿಕೊಂಡವಳು ಅವಳು. ಪಾಪ ಅನ್ನಿಸಿತು. ತುಂಬಾ ಪಾಪ ಅನ್ನಿಸಿತು.

"ನಾಗರತ್ನಾ, ನಿಂತ್ಕೊಳೇ!"

ಅವನು ಕೋಣೆಗೆ ಓಡಿ ನೀಲಿ ಬ್ಯಾಗನ್ನು ಎಳೆದುಕೊಂಡು ಬಂದ. ಪಕ್ಕದ ಜಿಪ್ಪು, ಮುಂದಿನ ಜಿಪ್ಪು, ತಳದ ಜಿಪ್ಪು ಎಲ್ಲವನ್ನೂ ಬಿಚ್ಚಿದ.

"ಅಮ್ಮ, ಇದೇ ದೊಡ್ಡದು. ಅವತ್ತು ನಾನು ಜೇಬು ತುಂಬಿರ್ಲಿಲ್ಲ. ಕಂದು ಬ್ಯಾಗಲ್ಲಿ ಒತ್ತಿ ಒತ್ತಿ ತುಂಬಿದ್ದೆ."

"ಯಾಕೋ ಹಾಗ್ ಮಾಡ್ದೆ?"

"ಚಿಕ್ಕ ಬ್ಯಾಗಾದ್ರೆ ನೀನು ಬೇಗ ಬರ್ತೀಯ ಅಂತ."

ಅಮ್ಮ ಅವನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. "ದೊಡ್ಡ ಬ್ಯಾಗಾದ್ರೂ ಬರ್ತೀನಿ ಕಣೋ," ಎಂದಳು. ಅವಳ ದನಿ ಯಾವಾಗಿನ ಹಾಗಿರಲಿಲ್ಲ.

ಎಷ್ಟು ದಿನಕ್ಕೆ ಎಂದು ಈ ಸಲ ನಾಣಿ ಕೇಳಲಿಲ್ಲ. ಅದು ಅಮ್ಮನಿಗೂ ಗೊತ್ತಿಲ್ಲ ಎಂದು ಅವನಿಗೆ ಅರ್ಥವಾಗಿತ್ತು.

ಹೊರಗೆ ಆಟೋ ಹಾರ್ನ್ ಕೇಳಿತು. ಮೂವರೂ ಸೇರಿ ಲಗುಬಗೆಯಿಂದ ಸಾಮಾನು ಬದಲಾಯಿಸಿದರು. ಸೀರೆಗಳು ಹೋದವು, ಸ್ವೆಟರ್ ಹೋಯಿತು, ಕುಕ್ಕರ್ ತಳಕ್ಕೆ ಹೋಯಿತು. ಚಟ್ನಿಪುಡಿ ಪಕ್ಕದ ಜೇಬಿಗೆ ಬಂತು. ಎಲ್ಲದರ ಮೇಲೆ ನಾಗರತ್ನಾ ತನ್ನ ಗಂಟನ್ನು ಇಟ್ಟು ಎರಡು ಸಲ ಸವರಿದಳು.

ಬ್ಯಾಗು ಉಬ್ಬಿ ನಿಂತಿತು. ಅಮ್ಮ ಎಳೆದಳು, ನಾಗರತ್ನಾ ಎಳೆದಳು. ಜಿಪ್ಪು ನಡುವೆಯೇ ಸಿಕ್ಕಿಹಾಕಿಕೊಂಡು ಅಲುಗಾಡಲಿಲ್ಲ.

"ಮುಚ್ತಾನೇ ಇಲ್ವಲ್ಲೋ ನಾಣಿ," ಎಂದಳು ಅಮ್ಮ.

ನಾಣಿ ಕಣ್ಣೊರೆಸಿಕೊಂಡು ಬ್ಯಾಗಿನ ಮೇಲೆ ಹತ್ತಿ ಕುಳಿತ. ಇದ್ದಬದ್ದ ಭಾರವನ್ನೆಲ್ಲ ಅದರ ಮೇಲೆ ಬಿಟ್ಟ.

"ಈಗ ಎಳೀಮ್ಮ," ಎಂದ.