ಮುಚ್ಚಳ ಬೆಸೆದ ಮಧ್ಯಾಹ್ನ

ಚೆನ್ನೈನಿಂದ ದಕ್ಷಿಣಕ್ಕೆ, ಸಮುದ್ರದ ಪಕ್ಕದ ನಮ್ಮ ಘಟಕದಲ್ಲಿ ಅಣುತ್ಯಾಜ್ಯವನ್ನು ಸೆರಾಮಿಕ್ ಕುಲುಮೆಯಲ್ಲಿ ಗಾಜಿನ ಜೊತೆ ಕರಗಿಸಿ ಉಕ್ಕಿನ ಡಬ್ಬಿಗೆ ತುಂಬುತ್ತೇವೆ. ಆ ಕೋಣೆಯೊಳಗೆ ಮನುಷ್ಯರು ಕಾಲಿಡುವಂತಿಲ್ಲ. ದಪ್ಪ ಕಿಟಕಿಯ ಈಚೆ ಕುಳಿತು ಯಂತ್ರದ ಕೈಗಳಿಂದಲೇ ಎಲ್ಲ ಕೆಲಸ. ಹನ್ನೆರಡು ವರ್ಷ ಆ ಕುರ್ಚಿಯಲ್ಲಿದ್ದವರು ನನ್ನ ಗಂಡ ವಾದಿರಾಜ. ಎದೆನೋವಿನಿಂದ ಅವರು ಹೋದ ನಲವತ್ತನೇ ದಿನ, ಅದೇ ಘಟಕದಲ್ಲಿ ಅದೇ ಕೆಲಸ ಕಲಿತಿದ್ದ ನಾನು ಅಲ್ಲಿ ಕುಳಿತೆ.

ಸದಾ ಬೆಚ್ಚಗಿರುವ ಕಿಟಕಿ ಅಂದು ಮಟಮಟ ಮಧ್ಯಾಹ್ನದಲ್ಲೂ ತಣ್ಣಗಿತ್ತು. ಗಾಜು ಗಟ್ಟಿಯಾದ ಡಬ್ಬಿಗೆ ಮುಚ್ಚಳ ಇಡಬೇಕು ಅನ್ನುವಾಗ ಒಳಗಿನ ಮೈಕಿನಲ್ಲಿ ಕೆಮ್ಮು ಕೇಳಿಸಿತು. ಅವರದೇ ಒಣಕೆಮ್ಮು.

ಪಕ್ಕದಲ್ಲಿದ್ದ, ಕೆಲಸಕ್ಕೆ ಸೇರಿ ವಾರವಷ್ಟೇ ಆಗಿದ್ದ ತಮಿಳು ಹುಡುಗಿ ಸೆಲ್ವಿ ಬೆಚ್ಚಿದಳು. "ಉಳ್ಳೆ... ಒಳಗೆ ಯಾರು ಅಕ್ಕಾ?"

ನಾನು ಕಿಟಕಿಗೆ ಹಣೆ ಹಚ್ಚಿದೆ. "ರೀ, ನೀವೇನಾ? ನಾನಿದನ್ನ ಮುಚ್ಚಬೇಕು. ಏನ್ಮಾಡ್ಲಿ ಹೇಳಿ."

ಕೆಮ್ಮು ನಿಲ್ಲಲಿಲ್ಲ. ಡಬ್ಬಿಯನ್ನು ಮುಚ್ಚದೆ ಬಿಡುವಂತಿರಲಿಲ್ಲ. ಅಳುತ್ತಲೇ ಮುಚ್ಚಳ ಇಟ್ಟು ಸುತ್ತಲೂ ಬೆಸುಗೆ ಹಾಕಿದೆ. ಬೆಸುಗೆ ಕೂಡಿದ್ದೇ ತಡ, ಕೆಮ್ಮು ನಿಂತಿತು.

ಹೊರಗೆ ಬಂದ ಮೇಲೆ ಸೆಲ್ವಿ ಕೇಳಿದಳು, "ಗುಬ್ಬಿ ಅಂದ್ರೆ ಯಾರು ಅಕ್ಕಾ?" ಬೆಸುಗೆ ಮುಗಿಯುವ ಹೊತ್ತಿಗೆ ಒಳಗಿನಿಂದ ಯಾರೋ ಎರಡು ಸಲ ಹಾಗೆ ಕೂಗಿದರಂತೆ.

ವಾದಿರಾಜ ನನ್ನನ್ನು ಮನೆಯಲ್ಲಿ, ಇಬ್ಬರೇ ಇದ್ದಾಗ ಕರೆಯುತ್ತಿದ್ದ ಹೆಸರದು. ನನಗದು ಕೇಳಿಸಿಯೇ ಇರಲಿಲ್ಲ.