ತೊಟ್ಟಿಯಲ್ಲಿ ನೆನೆದ ಲಾಗ್‌ಬುಕ್ಕು

ಹೊಳೆನರಸೀಪುರದ ಕೋಟೆ ಬೀದಿಯಲ್ಲಿ ಶ್ರೀರಂಗಮ್ಮ ಮೇಡಮ್ಮಿನ ಮನೆಯ ಗೇಟು ಕಿರ್ರೆಂದರೆ ಸಾಕು, ಪಂಚಾಕ್ಷರಯ್ಯನ ಮೈಯೆಲ್ಲ ಕಿವಿಯಾಗುತ್ತಿತ್ತು. ಮೇಡಮ್ಮು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು; ಪಂಚಾಕ್ಷರಯ್ಯ ಅದೇ ಶಾಲೆಯ ಲ್ಯಾಬಿನಲ್ಲಿ ಅಟೆಂಡರ್ ಆಗಿ ಅವರ ಬೀಕರು, ಟ್ಯೂಬುಗಳನ್ನು ತೊಳೆದವನು. ಇಬ್ಬರೂ ಒಂದೇ ವರ್ಷ ನಿವೃತ್ತರಾದರು. ಆಮೇಲೆ ಮೇಡಮ್ಮು ಊರವರ ಕಳವು, ಮೋಸಗಳ ಗಂಟು ಬಿಡಿಸುತ್ತಾ ಕೂತರೆ, ಪಂಚಾಕ್ಷರಯ್ಯ ಡ್ಯೂಟಿಗೆ ಬಂದ ಹಾಗೆ ದಿನಾ ಹತ್ತಕ್ಕೆ ಅವರ ಜಗಲಿಗೆ ಹಾಜರಾಗುತ್ತಿದ್ದ. ಸಂಬಳ ಇರಲಿಲ್ಲ, ಎರಡು ಲೋಟ ಕಾಫಿ ಇತ್ತು.

2005ರ ನವೆಂಬರಿನ ಒಂದು ಗುರುವಾರ ಆ ಗೇಟು ತಳ್ಳಿಕೊಂಡು ಬಂದವರು ಅರಕಲಗೂಡಿನ ಪಾತ್ರೆ ಅಂಗಡಿ ಗೌರೀಶ ಮತ್ತು ಅವರ ಮಗಳು ದಿವ್ಯಾ. ಹುಡುಗಿಗೆ ಇಪ್ಪತ್ತನಾಲ್ಕರ ಆಸುಪಾಸು. ಕಡ್ಡಿಯಂಥ ಮೈ, ಅತ್ತು ಅತ್ತು ಊದಿದ ಕಣ್ಣು, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಒಂದು ಮೋಟು ಪೆನ್ಸಿಲ್.

"ನೀವೇ ಏನಾರ ಮಾಡ್ಬೇಕು ಕಣಮ್ಮ," ಎಂದರು ಗೌರೀಶ, ಕುರ್ಚಿಯ ತುದಿಯಲ್ಲಿ ಕೂತು. "ನನ್ ಮಗಳು ನೀರಲ್ಲಿ ಮುಳುಗೋದನ್ನ ಓದ್ತಾವ್ಳೆ. ಅದನ್ನೂ ಓದು ಅನ್ಬೇಕಂತೆ! ಓಗ್ಲಿ ಅಂತ ಬುಟ್ರೆ ಅದ್ರಾಗೂ ಕಳ್ಳ ಬಂದ್ಬುಟ್ಟವ್ನೆ."

"ಅಪ್ಪಾ, ಒಂಚೂರು ಸುಮ್ನಿರಪ್ಪ," ಎಂದು ಮೂಗೊರೆಸಿಕೊಂಡ ದಿವ್ಯಾ ತಾನೇ ವಿಷಯ ಹೇಳಿದಳು.

ಹಾಸನದಲ್ಲಿ 'ಮತ್ಸ್ಯ' ಎಂಬ ಡೈವಿಂಗ್ ಶಾಲೆಯಿತ್ತು. ನೌಕಾಪಡೆಯಲ್ಲಿ ಮುಳುಗುವ ಕೆಲಸದಲ್ಲಿದ್ದು ನಿವೃತ್ತರಾದ ಲಕ್ಷ್ಮೀನರಸಿಂಹ ಅದನ್ನು ನಡೆಸುತ್ತಿದ್ದರು. ಮೊದಲ ಪಾಠ ಶಾಲೆಯ ಕೊಳದಲ್ಲಿ, ಆಮೇಲಿನದು ಶೆಟ್ಟಿಹಳ್ಳಿಯ ಹತ್ತಿರ ಹೇಮಾವತಿಯ ಹಿನ್ನೀರಿನಲ್ಲಿ. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಳುಗಲು ಭಾರ ಬೇಕೆಂದು ಸೊಂಟಕ್ಕೆ ಸೀಸದ ಗಟ್ಟಿಗಳ ಬೆಲ್ಟು. ಶಾಲೆ ಇಷ್ಟು ವರ್ಷ ಒಂದು ತರಬೇತಿ ಸಂಸ್ಥೆಗೆ ಸೇರಿತ್ತು. ಕಲಿತದ್ದಕ್ಕೆ ಗುರುತಾಗಿ ಅವರು ಕೊಡುತ್ತಿದ್ದದ್ದು ನೀಲಿ ಕಾರ್ಡು. ಈಗ ಶಾಲೆ ಅದನ್ನು ಬಿಟ್ಟು ಹಳದಿ ಕಾರ್ಡು ಕೊಡುವ ಇನ್ನೊಂದು ಸಂಸ್ಥೆಗೆ ಬದಲಾಗುತ್ತಿತ್ತು.

"ಅಂದ್ರೆ ಟಿ.ಸಿ. ತಗೊಂಡು ಬೇರೆ ಸ್ಕೂಲಿಗೆ ಸೇರಿದ ಹಾಗೆ," ಎಂದರು ಶ್ರೀರಂಗಮ್ಮ.

"ಹಾಗೇನೇ ಮೇಡಮ್. ಒಂದನೇ ಕ್ಲಾಸಿಂದ ಓದ್ಬೇಕಾಗಿಲ್ಲ. ನೀಲಿ ಕಾರ್ಡಿನ ಜೊತೆ ಲಾಗ್‌ಬುಕ್ ತೋರಿಸ್ಬೇಕು. ಪ್ರತಿ ಸಲ ಎಲ್ಲಿ ಇಳಿದ್ವಿ, ಎಷ್ಟು ಆಳ, ಎಷ್ಟು ಹೊತ್ತು, ಎಷ್ಟು ಸೀಸ ಕಟ್ಟಿದ್ವಿ, ಎಲ್ಲಾ ಅದ್ರಲ್ಲಿ ಬರ್ದಿರ್ತೀವಿ. ಕಡಲಲ್ಲಿ ಇಪ್ಪತ್ತು ಸಲನಾದ್ರೂ ಇಳಿದಿರ್ಬೇಕು. ಅಂಥೋರಿಗೆ ನಾಳೆ ಪರೀಕ್ಷೆ. ಗೆದ್ದ ಒಬ್ಬರಿಗೆ ಮಾತ್ರ ಇನ್ಸ್‌ಟ್ರಕ್ಟರ್ ಕಾರ್ಡು." ಅವಳು ಮತ್ತೆ ಮೂಗೊರೆಸಿಕೊಂಡಳು. "ಇವತ್ತು ಬೆಳಿಗ್ಗೆ ನನ್ ಲಾಗ್‌ಬುಕ್ಕು ಸಾಮಾನು ತೊಳೆಯೋ ತೊಟ್ಟೀಲಿ ಸಿಕ್ತು, ನೆಂದು ಮುದ್ದೆಯಾಗಿ. ಒಂದಕ್ಷರ ಓದಕ್ಕಾಗಲ್ಲ. ಪುಸ್ತಕ ಇಲ್ಲದೋರು ಮೊದಲಿಂದ ಶುರು ಮಾಡಿ ಅಂತಾರೆ ಪರೀಕ್ಷಕಿ. ನಂದು ಮೂರು ವರ್ಷದ ಕಷ್ಟ ಮೇಡಮ್!"

"ಗೆಲ್ದಿದ್ರೆ ನನ್ ಜೊತೆ ಅಂಗಡೀಲಿ ಕೂತ್ಕೋಬೇಕು ಅಂತ ಮಾತಾಗೈತೆ," ಎಂದರು ಗೌರೀಶ. "ಅಂಗಂತ ಮೋಸದಲ್ಲಿ ಸೋತ್ರೆ ನಂಗೂ ಒಟ್ಟೆ ಉರಿಯಲ್ವಾ? ಆ ಬೆಲ್ಟಿನ ಸೀಸಾನ ಎರಕ ಉಯ್ಸಿ ಕೊಟ್ಟೋನೇ ನಾನು. ಶೆಟ್ಟಳ್ಳಿ ಇನ್ನೀರಿಗೆ ಎರಡು ಕೆಜಿ ಸಾಕಾಗಿತ್ತು. ಇದೇ ಜನವರೀಲಿ ಮುರ್ಡೇಶ್ವರದ ಕಡಲಿಗೆ ಓಗೋವಾಗ, 'ಇನ್ನೆರಡು ಕೆಜಿ ಬೇಕಪ್ಪ' ಅಂದ್ಲು. ಅದನ್ನೂ ಕೊಟ್ಟೆ ಕಣಮ್ಮ."

ಶ್ರೀರಂಗಮ್ಮ ಕಾಫಿ ಲೋಟ ಕೆಳಗಿಟ್ಟರು. "ಪಂಚಾಕ್ಷರಯ್ಯ, ಕೊಡೆ ತಗೊಳ್ಳಿ. ಹಾಸನಕ್ಕೆ ಹೋಗೋಣ."

ಶಾಲೆಯ ಬಾಗಿಲಲ್ಲಿ ಲಕ್ಷ್ಮೀನರಸಿಂಹ ತಮ್ಮ ಹಳೆಯ ಮೇಡಮ್ಮನ್ನು ಕಂಡು ಕವಾಯತಿಗೆ ನಿಂತವರ ಹಾಗೆ ನೆಟ್ಟಗಾದರು. ಒಳಗೆ ಹೆಜ್ಜೆಯಿಟ್ಟ ಪಂಚಾಕ್ಷರಯ್ಯನ ಜೇಬಿನತ್ತ ಅವರ ಕಣ್ಣು ಹೋಯಿತು.

"ಪೆನ್ನು ಒಳಗಿಡಿ ಸ್ವಾಮಿ. ನೀರಿನ ಕೆಲಸ ಮಾಡೋರು ಪೆನ್ಸಿಲ್ಲಲ್ಲೇ ಬರೀಬೇಕು. ಇಲ್ಲಿ ಯಾರು ಪೆನ್ನು ತೆಗೆದ್ರೂ ಹತ್ತು ಬಸ್ಕಿ ಹೊಡೆಸ್ತೀನಿ."

ಅರವತ್ತು ದಾಟಿದ ಮಂಡಿಗಳನ್ನು ನೆನೆದು ಪಂಚಾಕ್ಷರಯ್ಯ ಪೆನ್ನನ್ನು ಚೀಲದ ತಳಕ್ಕೆ ತುರುಕಿದ.

ನೆನೆದ ಪುಸ್ತಕವನ್ನು ಮೇಜಿನ ಮೇಲೆ ಪೇಪರು ಹಾಸಿ ಇಟ್ಟಿದ್ದರು. ರಟ್ಟಿನ ಮೇಲೆ ದಿವ್ಯಾಳ ಹೆಸರಿನ ಚೀಟಿ ಅಂಟಿತ್ತು. ಪಂಚಾಕ್ಷರಯ್ಯ ಹಾಳೆ ಬಿಡಿಸಲು ಹೋದರೆ ಅದು ಹಿಟ್ಟಿನ ಹಾಗೆ ಕೈಗೆ ಬಂತು.

"ಅಯ್ಯಯ್ಯೋ, ನನ್ ಬೆರಳು ನೋಡಿ ಮೇಡಮ್ನೋರೆ. ಹತ್ತು ಸಲ ಓಟು ಹಾಕಿ ಬಂದಂಗೆ ನೀಲಿಯಾಗೋಯ್ತು!"

ಶ್ರೀರಂಗಮ್ಮ ಆ ಬೆರಳನ್ನು ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ, "ಕೈ ತೊಳ್ಕೊಳ್ಳಿ," ಅಂದರು, ಅಷ್ಟೆ.

ಸಾಮಾನು ನೋಡಿಕೊಳ್ಳುವ ಶಾಂತಿಗ್ರಾಮದ ಚಲುವಯ್ಯ ಮೂಲೆಯಲ್ಲಿ ನಿಂತಿದ್ದ. ತೊಟ್ಟಿ ಅವನದು, ಲಾಗ್‌ಬುಕ್ಕುಗಳನ್ನಿಡುವ ಬೀರುವಿನ ಬೀಗದಕೈ ಅವನದು. ಹಾಗಾಗಿ ಎಲ್ಲರ ಕಣ್ಣೂ ಅವನ ಮೇಲೇ ಇತ್ತು.

"ನಾನಲ್ಲ ಕಣವ್ವ, ದ್ಯಾವ್ರಾಣೆ! ಬೀಗದಕೈ ಮೊಳೆಗೆ ನೇತಾಕಿರ್ತೀನಿ, ಯಾರು ಬೇಕಾರೂ ತಗೋಬೋದು. ನೀರಿಗಿಳ್ಯೋ ರಬ್ಬರ್ ಬಟ್ಟೆ ತೊಳ್ಯಾಣ ಅಂತ ತೊಟ್ಟಿಗೆ ಕೈ ಆಕುದ್ರೆ ಈ ಬುಕ್ಕು ಸಿಕ್ತು."

"ಪರೀಕ್ಷೆಗೆ ನಿಂತೋರು ಯಾರು ಯಾವತ್ತು ಲಾಗ್‌ಬುಕ್ ತಂದ್ಕೊಟ್ರು?" ಎಂದು ಕೇಳಿದರು ಶ್ರೀರಂಗಮ್ಮ.

"ದಿವ್ಯಮ್ಮ ಸ್ವಾಮವಾರ ಕೊಟ್ರು. ಜಯಂತಪ್ಪೋರು ನೆನ್ನೆ, ವಂಶಿಯಪ್ಪೋರು ಇವತ್ತು ಬೆಳಿಗ್ಗೆ."

"ಬರೀದೆ ಇರೋ ಹೊಸ ಪುಸ್ತಕ ಎಲ್ಲಿರುತ್ತೆ?"

"ಅದೇ ಬೀರಿನ ಕೆಳಗಡೆ ಖಾನೇಲಿ ಕಟ್ಟು ಕಟ್ಟಿ ಮಡಗೀವ್ನಿ. ಎಲ್ಲಾ ಒಂದೇ ರಟ್ಟು ಕಣವ್ವ."

ದಿವ್ಯಾಳ ಜೊತೆ ಪರೀಕ್ಷೆಗೆ ನಿಂತವರು ಇನ್ನಿಬ್ಬರು. ಹಾಸನದ ಜಯಂತ್ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು. ಹೋದ ವಾರವಷ್ಟೇ ದಿವ್ಯಾಳ ಜೊತೆ ಜಗಳವಾಡಿದ್ದ. "ಅವಳಿಲ್ದಿದ್ರೆ ನಂಗೆ ಲಾಭ, ಹೌದು! ಅನುಮಾನ ಪಡೋದಾದ್ರೆ ಪಟ್ಕೊಳಿ!" ಎಂದು ಎಗರಾಡಿದ. ಚನ್ನರಾಯಪಟ್ಟಣದ ವಂಶಿ ದಷ್ಟಪುಷ್ಟ ಆಳು, ನಗುಮುಖ. ಮೇಡಮ್ಮಿಗೆ ಕುರ್ಚಿ ಹಾಕಿದ, ಪಂಚಾಕ್ಷರಯ್ಯನಿಗೆ ಟೀ ತರಿಸಿದ, ದಿವ್ಯಾಳಿಗಾಗಿ ಮೂರು ಸಲ ಲೊಚಗುಟ್ಟಿದ. ಇಂಥ ಒಳ್ಳೆಯ ಹುಡುಗನನ್ನು ಬಿಟ್ಟು ಆ ಸಿಡುಕನನ್ನೇ ಹಿಡಿಯಬೇಕೆಂದು ಪಂಚಾಕ್ಷರಯ್ಯ ಟೀ ಮುಗಿಯುವುದರೊಳಗೆ ತೀರ್ಮಾನಿಸಿಬಿಟ್ಟ.

ಶ್ರೀರಂಗಮ್ಮ ಇಬ್ಬರನ್ನೂ ಕೇಳಿದ್ದು ಒಂದೇ ಪ್ರಶ್ನೆ: "ಮೊದಲ ಸಲ ಕಡಲಿಗೆ ಇಳಿದಾಗ ಹೇಗಿತ್ತಪ್ಪ?"

"ಇಳಿಯೋಕೇ ಆಗ್ಲಿಲ್ಲ," ಎಂದ ಜಯಂತ್ ಮುಖ ಗಂಟಿಕ್ಕಿ. "ಬೆಂಡಿನ ತರ ಮೇಲೇ ತೇಲ್ದೆ. ಎಲ್ಲಾ ನಕ್ರು."

"ಸಖತ್ತಾಗಿತ್ತು ಮೇಡಮ್," ಎಂದ ವಂಶಿ. "ನಂಗೇನೂ ವ್ಯತ್ಯಾಸ ಅನ್ನಿಸ್ಲಿಲ್ಲ. ನಮ್ ಹಿನ್ನೀರಲ್ಲಿ ಇಳಿದಂಗೇ ಸಲೀಸಾಗಿ ಇಳಿದೆ."

ಆಮೇಲೆ ಅವರು ಆ ಇಬ್ಬರ ಲಾಗ್‌ಬುಕ್ಕುಗಳನ್ನು ಪರೀಕ್ಷೆಯ ಪೇಪರು ತಿದ್ದುವ ಹಾಗೆ ಅರ್ಧ ಗಂಟೆ ನೋಡಿದರು. ವಾಪಸು ಬರುವಾಗ ಮಾರ್ಕೆಟ್ಟಿನಲ್ಲಿ ಒಂದು ಕೆಜಿ ಆಲೂಗಡ್ಡೆ, ಎರಡು ಪ್ಯಾಕೆಟ್ ಉಪ್ಪು ಕೊಂಡರು.

"ರಾತ್ರಿಗೆ ಪಲ್ಯವಾ ಮೇಡಮ್ನೋರೆ?"

"ಅಲ್ಲ, ನಾಳೆ ಪಾಠಕ್ಕೆ. ನಮ್ಮ ಎರಡು ದೊಡ್ಡ ಬೀಕರು ತೊಳೆದಿಡಿ."

ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಕೊಳದ ಪಕ್ಕದಲ್ಲಿ ಎಲ್ಲರೂ ಸೇರಿದರು. ಹಳದಿ ಸಂಸ್ಥೆಯ ಪರೀಕ್ಷಕಿ ಮಂಗಳೂರಿನ ಮೈತ್ರೇಯಿ ಗಡಿಯಾರ ನೋಡಿಕೊಳ್ಳುತ್ತಿದ್ದರು. ಗೌರೀಶ ಮಗಳ ಪಕ್ಕದಲ್ಲಿ ಉಗುರು ಕಚ್ಚುತ್ತಾ ಕೂತಿದ್ದರು. ಶ್ರೀರಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತರು. ಪಂಚಾಕ್ಷರಯ್ಯನಿಗೆ ಎಂಟನೇ ಕ್ಲಾಸಿನ ಬೆಲ್ಲು ಹೊಡೆದಂತಾಗಿ ಅವನೂ ಅಂಗಿ ಸರಿಮಾಡಿಕೊಂಡ.

"ಮೊದಲು ಈ ನೆನೆದ ಪುಸ್ತಕ," ಎಂದರು ಅವರು. "ಇದು ದಿವ್ಯಾಂದಲ್ಲ."

ದಿವ್ಯಾ ದಿಗ್ಗನೆ ಎದ್ದಳು.

"ಕೂತ್ಕೋಮ್ಮ. ನೀನು ಹೆಸರಿನ ಚೀಟಿ ನೋಡಿದೆ, ಅಳೋಕೆ ಶುರು ಮಾಡ್ದೆ, ಒಳಗೆ ನೋಡ್ಲೇ ಇಲ್ಲ. ನಿನ್ನೆ ಪಂಚಾಕ್ಷರಯ್ಯನ ಬೆರಳು ನೀಲಿಯಾಯ್ತು. ಅದು ಶಾಯಿ. ಈ ಶಾಲೇಲಿ ಪೆನ್ನು ತೆಗೆದ್ರೆ ಬಸ್ಕಿ! ನಿನ್ನ ಕಿವೀ ಹಿಂದೆ ಈಗ್ಲೂ ಪೆನ್ಸಿಲ್ ಇದೆ. ಪೆನ್ಸಿಲ್ಲಲ್ಲಿ ಬರೆದದ್ದು ನೀರಲ್ಲಿ ನೆಂದ್ರೂ ಅಳಿಸಲ್ಲ. ಅದಕ್ಕೇ ತಾನೇ ಲಕ್ಷ್ಮೀನರಸಿಂಹ ಈ ನಿಯಮ ಮಾಡಿದ್ದು? ಕಳ್ಳನಿಗೂ ಅದು ಗೊತ್ತಿತ್ತು. ಬೀರುವಿನಿಂದ ಖಾಲಿ ಪುಸ್ತಕ ತೆಗೆದು, ಅಕ್ಷರ ಅಳಿಸಿದ ಹಾಗೆ ಕಾಣ್ಲಿ ಅಂತ ಶಾಯಿ ಸುರಿದು, ನಿನ್ನ ಚೀಟಿ ಕಿತ್ತು ಅದಕ್ಕೆ ಅಂಟಿಸಿ ತೊಟ್ಟಿಗೆ ಹಾಕ್ದ."

"ಅಷ್ಟೆಲ್ಲ ಯಾಕೆ?" ಎಂದರು ಮೈತ್ರೇಯಿ. "ನಿಜವಾದದ್ದನ್ನೇ ಸುಟ್ಟುಹಾಕಬಹುದಿತ್ತಲ್ಲ."

"ಪುಸ್ತಕ ಕಾಣೆಯಾದ್ರೆ ಎಲ್ಲರ ಚೀಲ ತಡಕ್ತಾರೆ. ಹಾಳಾದ ಪುಸ್ತಕ ಸಿಕ್ಕಿದ್ರೆ ಹುಡುಕೋದು ನಿಂತುಹೋಗುತ್ತೆ. ನಿಜವಾದ ಪುಸ್ತಕ ಅವನಿಗೆ ಬೇಕಾಗಿತ್ತು. ಅವನು ಕಡಲಿಗೆ ಇಳಿದೇ ಇರಲಿಲ್ಲ. ದಿವ್ಯಾ ಇಳಿದ ಇಪ್ಪತ್ತು ಸಲವನ್ನೂ ತನ್ನದು ಅಂತ ಕಾಪಿ ಹೊಡೆದ. ಕಾಪಿ ಹೊಡೆದ ಮೇಲೆ ಎರಡು ಪುಸ್ತಕ ಒಂದೇ ಮೇಜಿನ ಮೇಲೆ ಬರೋ ಹಾಗಿಲ್ವಲ್ಲ!" ಅವರು ತಿರುಗಿದರು. "ಪಂಚಾಕ್ಷರಯ್ಯ, ಬೀಕರು."

ಪಂಚಾಕ್ಷರಯ್ಯ ಎರಡು ಬೀಕರಿಗೂ ನೀರು ತುಂಬಿಸಿದ. ಒಂದರಲ್ಲಿ ಸಿಹಿನೀರು. ಇನ್ನೊಂದಕ್ಕೆ ಉಪ್ಪು ಸುರಿದು, ಕೈ ಸೋಲುವವರೆಗೆ ಕದಡಿದ. ಸಿಹಿನೀರಿಗೆ ಹಾಕಿದ ಆಲೂಗಡ್ಡೆ ಗುಡುಕ್ಕನೆ ತಳ ಸೇರಿತು. ಉಪ್ಪುನೀರಿಗೆ ಹಾಕಿದ್ದು ಒಂದು ಸಲ ಮುಳುಗಿ, ಎದ್ದು, ತೇಲಿ ನಿಂತಿತು. ಬೆರಳಲ್ಲಿ ಅದುಮಿದರೂ ಮತ್ತೆ ಮೇಲಕ್ಕೆ ಬಂತು.

"ಉಪ್ಪುನೀರು ಮೇಲಕ್ಕೆ ದಬ್ಬುತ್ತೆ. ಕಡಲಲ್ಲಿ ಇಷ್ಟು ಉಪ್ಪಿಲ್ಲ, ಆದ್ರೂ ಅಲ್ಲಿ ಮುಳುಗೋಕೆ ಹಿನ್ನೀರಿಗಿಂತ ಜಾಸ್ತಿ ಸೀಸ ಬೇಕೇ ಬೇಕು. ದಿವ್ಯಾಗೆ ಹಿನ್ನೀರಲ್ಲಿ ಎರಡು ಕೆಜಿ, ಕಡಲಲ್ಲಿ ನಾಲ್ಕು. ಅವರಪ್ಪನೇ ಎರಕ ಹೊಯ್ಸಿ ಕೊಟ್ಟಿದ್ದಾರೆ. ಜಯಂತನ ಪುಸ್ತಕದಲ್ಲಿ ಹಿನ್ನೀರಲ್ಲಿ ಐದು, ಕಡಲಲ್ಲಿ ಎಂಟು. ಮೊದಲ ದಿನ ಬೆಂಡಿನ ತರ ತೇಲಿದ್ದು ಅದಕ್ಕೇ. ಬಾಯಿ ಜೋರು, ಆದ್ರೆ ಹುಡುಗ ಸುಳ್ಳು ಹೇಳ್ಲಿಲ್ಲ." ಅವರು ಮೂರನೆಯ ಪುಸ್ತಕ ಎತ್ತಿ ಹಿಡಿದರು. "ವಂಶಿಯ ಪುಸ್ತಕ ನೋಡಿ. ಹಿನ್ನೀರಲ್ಲಿ ಆರು ಕೆಜಿ. ಕಡಲಲ್ಲಿ ಇಪ್ಪತ್ತು ಸಲವೂ ನಾಲ್ಕು ಕೆಜಿ!"

ಶ್ರೀರಂಗಮ್ಮ ಆ ಪುಟವನ್ನು ಮೈತ್ರೇಯಿಯ ಮುಂದೆ ಹಿಡಿದರು.

"ತಾರೀಕು ಬದಲಾಯಿಸಿದ, ಜೊತೆಗೆ ಇಳಿದೋರದು ಅಂತ ಸುಳ್ಳು ಸಹಿ ಗೀಚಿದ. ಸೀಸದ ಲೆಕ್ಕ ಮಾತ್ರ ದಿವ್ಯಾಂದೇ ಇಳಿಸಿದ. ಹಿನ್ನೀರು ಬಿಟ್ಟು ಬೇರೆ ನೀರು ಕಾಣದೋನಿಗೆ ಅದು ತಪ್ಪು ಅಂತ ಹೇಗೆ ಗೊತ್ತಾಗ್ಬೇಕು?"

"ಏನೋ ಬರೆಯುವಾಗ ಕೈತಪ್ಪು ಮೇಡಮ್," ಎಂದ ವಂಶಿ. ನಗು ಇನ್ನೂ ಮುಖದ ಮೇಲಿತ್ತು, ಬೆವರು ಮಾತ್ರ ಕತ್ತಿಗಿಳಿದಿತ್ತು.

"ಇಪ್ಪತ್ತು ಸಲ ಕೈತಪ್ಪೇ?" ಎಂದರು ಮೈತ್ರೇಯಿ. "ನಿಮ್ಮ ಮೈಗೆ ನಾಲ್ಕು ಕೆಜಿ ಕಟ್ಟಿಕೊಂಡ್ರೆ ಕಡಲಲ್ಲಿ ತಲೆ ಕೂಡ ಮುಳುಗಲ್ಲ."

"ನಿಜವಾದ ಪುಸ್ತಕ ಇವನು ಇನ್ನೂ ಎಸೆದಿಲ್ಲ," ಎಂದರು ಶ್ರೀರಂಗಮ್ಮ. "ಇವತ್ತು ಬಾಯಿಮಾತಿನ ಪ್ರಶ್ನೆ ಇದೆ. ಅಲ್ಲಿ ಏನು ಕಂಡೆ, ಯಾವ ಮೀನು ನೋಡ್ದೆ ಅಂತ ಕೇಳ್ತಾರೆ. ಕೊನೇ ಗಳಿಗೇಲಿ ಓದ್ಕೋಬೇಕಲ್ಲ, ಹತ್ತಿರದಲ್ಲೇ ಇಟ್ಟಿರ್ತಾನೆ. ವಂಶಿ, ಹೊರಗೆ ನಿಲ್ಲಿಸಿರೋ ನಿನ್ನ ಸ್ಕೂಟರಿನ ಡಿಕ್ಕಿ ತೆಗಿಯಪ್ಪ."

ವಂಶಿ ಅಲ್ಲಾಡಲಿಲ್ಲ. ಬೀಗದಕೈಗೆ ಕೈ ಚಾಚಿದವನು ಜಯಂತ್. ಅವನ ಕಣ್ಣಿನ ಕೆಂಪು ಕಂಡು ವಂಶಿ ಸುಮ್ಮನೆ ಕೊಟ್ಟುಬಿಟ್ಟ. ಡಿಕ್ಕಿಯಲ್ಲಿ, ರೇನ್‌ಕೋಟಿನ ಮಡಿಕೆಯೊಳಗೆ, ಚೀಟಿ ಕಿತ್ತ ಲಾಗ್‌ಬುಕ್ ಬೆಚ್ಚಗೆ ಮಲಗಿತ್ತು. ದಿವ್ಯಾ ಅದನ್ನು ಎದೆಗೊತ್ತಿಕೊಂಡು ಜೋರಾಗಿ ಅತ್ತಳು. ಗೌರೀಶ ಹಿಂದುಮುಂದು ನೋಡದೆ ಪಕ್ಕದಲ್ಲಿದ್ದ ಚಲುವಯ್ಯನನ್ನೇ ತಬ್ಬಿಕೊಂಡರು.

"ನನ್ನ ಶಾಲೆಯ ಗೇಟು ಆ ಕಡೆ ಇದೆ," ಎಂದರು ಲಕ್ಷ್ಮೀನರಸಿಂಹ ವಂಶಿಗೆ. ಅವನ ನೀಲಿ ಕಾರ್ಡನ್ನು ಮೈತ್ರೇಯಿ ವರದಿಯ ಜೊತೆ ಲಕೋಟೆಗೆ ಹಾಕಿಕೊಂಡರು. ಆಮೇಲೆ ದಿವ್ಯಾಳ ಪುಸ್ತಕವನ್ನು ಪುಟಪುಟವಾಗಿ ತಿರುವಿ, "ಹನ್ನೆರಡಕ್ಕೆ ಶೆಟ್ಟಿಹಳ್ಳಿ. ಕಣ್ಣೊರೆಸಿಕೊಂಡು ಸಿದ್ಧರಾಗಿ," ಅಂದರು.

ಶೆಟ್ಟಿಹಳ್ಳಿಯ ಹಿನ್ನೀರಲ್ಲಿ ಅರ್ಧ ಮುಳುಗಿದ ಹಳೇ ಚರ್ಚಿನ ಎದುರು ಗೌರೀಶ ದಡದಲ್ಲಿ ಶತಪಥ ಹಾಕಿದರು. ಮಗಳು ಮುಳುಗಿದ ಜಾಗದಲ್ಲಿ ಗುಳ್ಳೆ ಏಳುತ್ತಿದೆಯೇ ಎಂದು ನಿಮಿಷಕ್ಕೊಮ್ಮೆ ಪಂಚಾಕ್ಷರಯ್ಯನನ್ನು ಕೇಳಿದರು. ನಲವತ್ತು ನಿಮಿಷದ ಮೇಲೆ ಮೈತ್ರೇಯಿಯ ತಲೆ ಮೇಲೆ ಬಂತು, ಹಿಂದೆಯೇ ದಿವ್ಯಾಳದು. ಜಯಂತನ ಸರದಿಯೂ ಮುಗಿದ ಮೇಲೆ ಮೈತ್ರೇಯಿ ದಿವ್ಯಾಳ ಕೈ ಕುಲುಕಿದರು. ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹೊಡೆದವನು ಸೋತ ಜಯಂತನೇ. ಇವನನ್ನೇ ಕಳ್ಳನೆಂದು ತೀರ್ಮಾನಿಸಿದ್ದನ್ನು ಪಂಚಾಕ್ಷರಯ್ಯ ಯಾರಿಗೂ ಹೇಳಲಿಲ್ಲ.

ತಿಂಗಳಾದ ಮೇಲೆ ಹಳದಿ ಕಾರ್ಡು ಬಂದ ದಿನ ಮೇಡಮ್ಮನ್ನೂ ಪಂಚಾಕ್ಷರಯ್ಯನನ್ನೂ ಶಾಲೆಗೆ ಕರೆದಿದ್ದರು. ಇನ್ಸ್‌ಟ್ರಕ್ಟರ್ ದಿವ್ಯಾಳ ಮೊದಲ ವಿದ್ಯಾರ್ಥಿ ಕೊಳದ ಕಟ್ಟೆಯ ಮೇಲೆ, ಬಿಗಿಯಾದ ರಬ್ಬರ್ ಬಟ್ಟೆಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ಕೂತಿದ್ದರು.

"ಏನ್ ಅಂಗ್ ನೋಡ್ತೀರಿ ಪಂಚಾಕ್ಷರಯ್ಯೋರೆ?" ಎಂದರು ಗೌರೀಶ. "ಇಂಥಾ ಟೀಚರಮ್ಮ ಮನೇಲೇ ಇರೋವಾಗ ನಾನ್ಯಾಕ್ ಕಲೀಬಾರ್ದು? ಲೇ ದಿವ್ಯಾ, ನನ್ ಸೊಂಟಕ್ಕೆ ಎಷ್ಟು ಕಟ್ತೀಯವ್ವಾ?"

ದಿವ್ಯಾ ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, ಕಿವಿಯ ಹಿಂದಿನ ಮೋಟು ಪೆನ್ಸಿಲ್ ತೆಗೆದು, ಹೊಸ ಲಾಗ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಳು: ವಿದ್ಯಾರ್ಥಿ ಗೌರೀಶ, ಅರಕಲಗೂಡು. ಸಿಹಿನೀರು. ಸೀಸ ಒಂಬತ್ತು ಕೆಜಿ.