ಔಷಧದ ಸಕ್ಕರೆ, ಒಪ್ಪಿಗೆಯ ಸಕ್ಕರೆ

“ಬಾಯಿ ತಗೀರಿ!”

ಹೆಣ್ಣು ನೋಡಲು ಬಂದ ಗಂಡು, ತಟ್ಟೆಯಿಂದ ಹಿಡಿ ಸಕ್ಕರೆ ಬಾಚಿಕೊಂಡು ತನ್ನೆದುರು ಮೊಣಕಾಲೂರಿ ಕೂರುತ್ತಾನೆಂದು ಮುರಗೋಡದ ಗಂಗಾ ಕನಸಿನಲ್ಲೂ ಎಣಿಸಿರಲಿಲ್ಲ.

ಮುಂಜಾನೆಯೇ ಇನ್ಸುಲಿನ್ ಚುಚ್ಚಿಕೊಂಡಿದ್ದಳು. ಕಟಕೋಳದಿಂದ ಬರುವವರು ತಡಮಾಡಿದರು. ಅವರಿಗಿಂತ ಮೊದಲು ಉಣ್ಣುವುದು ಹೇಗೆ? ಕೈ ನಡುಗತೊಡಗಿದಾಗ ರಕ್ತದ ಸಕ್ಕರೆ ಅಳೆಯುವ ಮಷೀನು ತೆಗೆಯಹೋದರೆ, ಅವ್ವ ಗುರವ್ವ ತಡೆದಿದ್ದಳು.

“ಬಂದವರ ಮುಂದ ಅದನ್ನ ತಗೀಬ್ಯಾಡವಾ. ಬ್ಯಾನಿ ಐತಂತ ಗೊತ್ತಾದ್ರ ಎದ್ದು ಹೊಕ್ಕಾರ!”

ಅವಳ ನಡುಕವನ್ನು ಎಲ್ಲರೂ ನಾಚಿಕೆಯೆಂದರು. ನೋಡಲು ಬಂದ ಗಂಡು ಶ್ರೀಶೈಲನೊಬ್ಬ ಅವಳ ಹಣೆಯ ಬೆವರು ಕಂಡ. ರಕ್ತದ ಸಕ್ಕರೆ ಇಳಿದಾಗ ಅವನ ಅಕ್ಕ ಸೋಮವ್ವನಿಗೂ ಹೀಗೇ ಆಗುತ್ತಿತ್ತು.

ಸಕ್ಕರೆ ಕರಗಿತು... ಕಣ್ಣಿಗೆ ಕವಿದ ಕತ್ತಲೆ ಮೆಲ್ಲಗೆ ಹರಿಯಿತು.

ಆದರೆ ಅದು, ಹೆಣ್ಣು ಮನಸ್ಸಿಗೆ ಬಂದರೆ ಬಾಯಿಗೆ ಹಾಕಲೆಂದು ಇಟ್ಟ ಒಪ್ಪಿಗೆಯ ಸಕ್ಕರೆ!

“ಏನಲೇ, ನಾ ಹಾಕೂ ಸಕ್ರಿ ನೀನ ಹಾಕಿಬಿಟ್ಟಿ? ಇಷ್ಟ ಗಡಿಬಿಡಿ ಏನೋ!” ಅವನ ತಾಯಿ ಬಾಯವ್ವ ನಕ್ಕಳು. “ಆತ ಬಿಡ್ರಿ, ಸಂಬಂಧ ಕೂಡಿತು!”

ಗಂಗಾ ತಲೆಯೆತ್ತಿದಳು. ‘ಶಿವನೇ, ಜೀವ ಉಳಿಸಿದವರನ್ನ ಅದೇ ಸಕ್ಕರೆಯಿಂದ ಕಟ್ಟಿಹಾಕಲೇ?’

“ನನಗ ಸಕ್ರಿ ಬ್ಯಾನಿ ಐತ್ರಿ,” ಎಂದುಬಿಟ್ಟಳು. “ಅವರು ಕೊಟ್ಟಿದ್ದು ಔಷಧರಿ... ಅದನ್ನ ಒಪ್ಪಿಗಿ ಅಂತ ಹಿಡೀಬ್ಯಾಡ್ರಿ.”

‘ನಾನೇ ಬೇಡವಾದೆ’ ಎಂದುಕೊಂಡ ಶ್ರೀಶೈಲ ಮುಖ ಬಾಡಿಸಿಕೊಂಡು ಹೊರನಡೆದ. ಅವನ ಮನೆಯವರೂ ಹಿಂದೆಯೇ ಎದ್ದು ಹೋದರು.

“ನಾ ಹೇಳಿರಲಿಲ್ಲೇನ?” ಗುರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗಂಗಾಳಿಗೆ ಸಂಬಂಧ ಮುರಿದದ್ದಕ್ಕಿಂತ, ಜೀವ ಉಳಿಸಿದ ಆ ಕೈಗೆ ಒಂದು ಶರಣು ಹೇಳಲಿಲ್ಲವಲ್ಲ ಎಂಬುದೇ ಸಂಕಟವಾಯಿತು.

ಸೋಮವಾರ ಪೂಜೆ ಮುಗಿಸಿ ಏಳುವಾಗ ಬಾಗಿಲಲ್ಲಿ ಅವನೇ ನಿಂತಿದ್ದ!

“ಅಕ್ಕ ಬೈದ್ಲರಿ. ‘ಆಕಿ ನಿನ್ನ ಒಲ್ಲೆ ಅಂದ್ಲೋ, ನಿನ್ನ ಮ್ಯಾಲಿನ ಭಾರ ಇಳಿಸಿದ್ಲೋ? ಕೇಳಿದೇನೋ ಹುಚ್ಚಪ್ಪಾ?’ ಅಂದ್ಲು. ಕೇಳಾಕ ಬಂದೇನ್ರಿ... ಆದ್ರ ಮೊದಲ ಸಕ್ರಿ ಚೆಕ್ ಮಾಡ್ಕೋರಿ. ಕಮ್ಮಿ ಇದ್ದಾಗ ಆಡಿದ ಮಾತು ನಾ ನಂಬೂದಿಲ್ಲ!”

ಗಂಗಾ ನಕ್ಕುಬಿಟ್ಟಳು. ಮೊದಲ ಸಲ, ಬಂದವರೆದುರೇ ಮಷೀನು ತೆಗೆದಳು. ಬೆರಳು ಚುಚ್ಚಿ, ರಕ್ತದ ಹನಿ ಇಟ್ಟಳು. ಇಬ್ಬರೂ ಮಷೀನಿನ ಅಂಕಿಯತ್ತ ಬಾಗಿದರು.

ನೂರಾ ಹದಿನೆಂಟು.

“ಸಕ್ರಿ ಬರೋಬ್ಬರಿ ಐತ್ರಿ,” ಎಂದಳು.

“ಈಗ ಹೇಳ್ರಿ... ನಾ ಬ್ಯಾಡೇನ್ರಿ?”

ಅವಳು ಎರಡೂ ಕೈ ಜೋಡಿಸಿದಳು. ಕಣ್ಣು ತುಂಬಿ ಬಂತು. “ಶರಣ್ರಿ... ಅವತ್ತ ನನಗ ಸಕ್ರಿ ಬೇಕಾಗಿತ್ತು. ಇವತ್ತ ನೀವು ಬೇಕ್ರಿ.”

ಅವನು ಹತ್ತಿ ತೆಗೆದುಕೊಂಡು ಅವಳ ಬೆರಳ ತುದಿಗೆ ಒತ್ತಿ ಹಿಡಿದ.

“ನೋವಾಕ್ಕೈತೇನ್ರಿ?”

“ಆಕ್ಕೈತ್ರಿ,” ಎಂದಳು ಗಂಗಾ, ಇಷ್ಟು ವರ್ಷ ಎಲ್ಲರಿಗೂ ‘ಇಲ್ಲ’ ಎಂದೇ ಹೇಳುತ್ತ ಬಂದವಳು.